ಮೊದಲ ಕೆಲಸಕ್ಕೆ ಮುನ್ನ ಅನುಭವ ಎಲ್ಲಿಂದ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಡೆಯಿಂದ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಅಥವಾ ಬಯೋಟೆಕ್ನಾಲಜಿ ಓದಿ ಬಂದ ಪದವೀಧರರನ್ನು ಲ್ಯಾಬ್‌ಗಳು, ಕಂಪನಿಗಳು ಮೊದಲು ಕೇಳುವುದು ಅಂಕವನ್ನಲ್ಲ, ಅನುಭವವನ್ನು. ಆ ಅನುಭವ ಇಲ್ಲದಿರುವುದು ಮಕ್ಕಳ ತಪ್ಪಲ್ಲ, ಈ ಕ್ಷೇತ್ರ ನಮ್ಮಲ್ಲಿ ಬೆಳೆದ ರೀತಿಯ ಫಲ ಎಂಬುದು ನನ್ನ ವಾದ. ಈ ತಾಲ್ಲೂಕುಗಳ ಜಿಲ್ಲಾಕೇಂದ್ರ ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾದದ್ದು 1965ರಲ್ಲಿ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ 1979ರಲ್ಲಿ ಬಂತು. ಆ ಕೇಂದ್ರವೇ 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯದ ಪಾಲಾಗಿ, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ಈ ನಡುವೆ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿ, ಆಸ್ಪತ್ರೆಗೆ ಸಂಬಂಧಪಟ್ಟ ಪದವಿ ಕಲಿಕೆ ಬಹುಪಾಲು ಅದರಡಿ ಹೋಯಿತು. ಬಯೋಕೆಮಿಸ್ಟ್ರಿಯಂಥ ಬಿಎಸ್ಸಿ ಮಾತ್ರ ಸಾಮಾನ್ಯ ವಿಶ್ವವಿದ್ಯಾಲಯದಲ್ಲೇ ಉಳಿಯಿತು. ರಕ್ತದ ರಸಾಯನವನ್ನು ಪುಸ್ತಕದಲ್ಲಿ ಓದುವವರು ಒಂದು ಕಡೆ, ರಕ್ತದ ಮಾದರಿ ಪರೀಕ್ಷಿಸುವವರು ಇನ್ನೊಂದು ಕಡೆ ಆದರು. ಒಂದೇ ಊರಿನಲ್ಲಿದ್ದರೂ ಇಬ್ಬರ ನಡುವೆ ಕೊಡುಕೊಳ್ಳುವಿಕೆ ತೀರಾ ಕಡಿಮೆ.

ಉದ್ಯಮದ ಕಥೆ ಬೆಂಗಳೂರಿನದು. ಬಯೋಕಾನ್ 1978ರಲ್ಲಿ ಆರಂಭವಾಯಿತು; 2001ರಲ್ಲಿ ರಾಜ್ಯ ಸರ್ಕಾರ ಜೈವಿಕ ತಂತ್ರಜ್ಞಾನ ನೀತಿ ತಂದಿತು. ಆ ಹುರುಪಿನಲ್ಲಿ ಬಯೋಟೆಕ್ನಾಲಜಿ ವಿಭಾಗಗಳು ಊರೂರಲ್ಲಿ ತೆರೆದವು. ಆದರೆ ಪದವಿ ಮುಗಿಸಿದವರಿಗೆ ಕೈಕೆಲಸ ಕಲಿಸಲು ಮುಂದಿನ ದಶಕದಲ್ಲಿ ಸರ್ಕಾರವೇ ಪ್ರತ್ಯೇಕವಾಗಿ ಫಿನಿಶಿಂಗ್ ಸ್ಕೂಲ್‌ಗಳನ್ನು ನಡೆಸಬೇಕಾಯಿತು. ಪದವಿಯೊಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಬಳಿಕ 2020ರಲ್ಲಿ ಕೋವಿಡ್ ಬಂದಾಗ ಆರ್‌ಟಿ-ಪಿಸಿಆರ್ ಮಾಡಬಲ್ಲವರಿಗಾಗಿ ಜಿಲ್ಲೆ ಜಿಲ್ಲೆಗಳಲ್ಲಿ ಹುಡುಕಾಟ ನಡೆಯಿತು. ತಿಯರಿ ಬಲ್ಲ ಪದವೀಧರರು ತಿಂಗಳುಗಳಲ್ಲೇ ಕೈ ಪಳಗಿಸಿಕೊಂಡರು. ಕಲಿಸುವವರಿದ್ದರೆ ಕಲಿಯಲು ವರ್ಷಗಳು ಬೇಕಿಲ್ಲ ಎಂದು ಆ ದಿನಗಳು ತೋರಿಸಿಕೊಟ್ಟವು. ಅಲೆ ಇಳಿದಂತೆ ಅವರ ಹೊರಗುತ್ತಿಗೆ ಕೆಲಸವೂ ಮುಗಿಯಿತು ಎಂಬುದು ಬೇರೆ ಮಾತು. ಮರುವರ್ಷ, 2021ರಲ್ಲಿ, ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಆರೋಗ್ಯ ಸಹವೃತ್ತಿಗಳ ಆಯೋಗದ ಕಾಯ್ದೆ ಲ್ಯಾಬ್ ತಂತ್ರಜ್ಞರ ಜೊತೆಗೆ ಬಯೋಟೆಕ್ನಾಲಜಿಸ್ಟ್, ಬಯೋಕೆಮಿಸ್ಟ್, ಮೈಕ್ರೋಬಯಾಲಜಿಸ್ಟ್‌ಗಳನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಅದು ವೃತ್ತಿಪರರನ್ನು ಅಳೆಯುವುದು ಕಲಿಕೆಯ ಗಂಟೆಗಳಲ್ಲಿ: ಪದವಿ ಮಟ್ಟದ ಆರೋಗ್ಯ ವೃತ್ತಿಪರರಿಗೆ ಕನಿಷ್ಠ 3,600 ಗಂಟೆ.

ಹಾಗಾದರೆ ಇಂದು ಫ್ರೆಶರ್‌ಗೆ ಯಾವ ಬಾಗಿಲು ತೆರೆದಿದೆ? ಚಿಕಿತ್ಸೆಯ ದಾಖಲೆಗಳನ್ನು ಸಂಕೇತಗಳಿಗೆ ಇಳಿಸುವ ಮೆಡಿಕಲ್ ಕೋಡಿಂಗ್ ಮತ್ತು ಔಷಧಗಳ ಅಡ್ಡಪರಿಣಾಮ ದಾಖಲಿಸುವ ಫಾರ್ಮಕೋವಿಜಿಲೆನ್ಸ್ ಕಂಪನಿಗಳು ಅನುಭವವಿಲ್ಲದವರನ್ನೂ ತೆಗೆದುಕೊಳ್ಳುತ್ತವೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ನಂತರ ಟ್ರಯಲ್ ಸಂಯೋಜಕರ ಕೆಲಸವೂ ಇದೆ. ಇವೆಲ್ಲ ಬಹುಪಾಲು ಬೆಂಗಳೂರಿನಲ್ಲೇ; ಬಾಡಿಗೆ, ಊಟ ಕಳೆದರೆ ಮೊದಲ ವರ್ಷ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ನಮ್ಮ ತಾಲ್ಲೂಕುಗಳಿಗೆ ಹತ್ತಿರದ ಕೆಲಸದ ಬಗ್ಗೆ ಯಾರೂ ಹೇಳುವುದಿಲ್ಲ. ಜಗಳೂರಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹಳೆಯ ಪಿಡುಗು. ಭಾರತೀಯ ಮಾನಕದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಹಲ್ಲು ಕಂದುಗಟ್ಟುವುದನ್ನು, ಮೂಳೆ ಬಾಗುವುದನ್ನು ತಡೆಯಬೇಕಾದರೆ ಆ ನೀರನ್ನು ಮತ್ತೆ ಮತ್ತೆ ಅಳೆಯುವವರು ಬೇಕು, ಅದು ಜೀವರಸಾಯನ ಓದಿದವರ ಕೆಲಸವೇ. ಶಿಮುಲ್ ಹಾಲು ಒಕ್ಕೂಟ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗದ ಹಾಲನ್ನು ಸಂಗ್ರಹಿಸುತ್ತದೆ. ಹಾಲಿನ ಗುಣಮಟ್ಟ ನೋಡಲು ಸೂಕ್ಷ್ಮಜೀವಿಗಳನ್ನು ಬಲ್ಲವರು ಬೇಕು. ನ್ಯಾಮತಿಯವರಿಗೆ ಹತ್ತಿರದ ಶಿವಮೊಗ್ಗದಲ್ಲಿ ಮಂಗನ ಕಾಯಿಲೆ ಪತ್ತೆಹಚ್ಚುವ ವೈರಸ್ ಪ್ರಯೋಗಾಲಯವಿದೆ. ಆ ರೋಗ 1957ರಲ್ಲಿ ಮೊದಲು ಗೊತ್ತಾದದ್ದೇ ಆ ಜಿಲ್ಲೆಯ ಸೊರಬದ ಕಾಡಿನಲ್ಲಿ. ಇಂಥ ಲ್ಯಾಬ್‌ಗಳೆಲ್ಲ ಒಡನೆ ನೌಕರಿ ಕೊಡುತ್ತವೆ ಎಂದು ನಾನು ಹೇಳುತ್ತಿಲ್ಲ. ಆರು ತಿಂಗಳು ಮೇಲ್ವಿಚಾರಣೆಯಲ್ಲಿ ದುಡಿದು ಒಂದು ಪ್ರಮಾಣಪತ್ರ ಪಡೆಯಲು ಇವೇ ತಕ್ಕ ಜಾಗ ಎನ್ನುತ್ತಿದ್ದೇನೆ.

ಇದಕ್ಕೆ ಆಕ್ಷೇಪಗಳಿವೆ. ಎಂಎಸ್ಸಿ ಮಾಡಿದರೆ ದಾರಿ ತಾನಾಗಿ ತೆರೆಯುತ್ತದೆ ಎನ್ನುವವರಿದ್ದಾರೆ. ಸಂಶೋಧನೆ, ಬೋಧನೆ ಬಯಸುವವರಿಗೆ ಅದು ನಿಜ. ಉಳಿದವರಿಗೆ ಎರಡು ವರ್ಷದ ಬಳಿಕ ಅದೇ ಪ್ರಶ್ನೆ ಎದುರಾಗುತ್ತದೆ, ಸಾಲ ಮಾತ್ರ ಹೆಚ್ಚಿರುತ್ತದೆ. ಬಿಎಸ್ಸಿ ಓದಿದವರು ಆಸ್ಪತ್ರೆ ಲ್ಯಾಬಿಗೆ ಹೋಗಲಿ ಎನ್ನುವುದೂ ಅಷ್ಟು ಸುಲಭವಲ್ಲ; ಸರ್ಕಾರಿ ಲ್ಯಾಬ್ ಟೆಕ್ನಿಷಿಯನ್ ಹುದ್ದೆಗೆ ಕೇಳುವುದು ಪ್ಯಾರಾಮೆಡಿಕಲ್ ಅರ್ಹತೆ. ಆ ಕೆಲಸವೇ ಬೇಕೆನ್ನುವವರು ಲ್ಯಾಬ್ ತಂತ್ರಜ್ಞಾನದ ಡಿಪ್ಲೊಮಾ (ಡಿಎಂಎಲ್‌ಟಿ) ಅಥವಾ ಪದವಿಯನ್ನು (ಬಿಎಸ್ಸಿ ಎಂಎಲ್‌ಟಿ) ಮೊದಲೇ ಆರಿಸಬೇಕು, ಇದನ್ನು ಪಿಯುಸಿ ಮಕ್ಕಳಿಗೆ ಹೇಳುವ ಹೊಣೆ ಉಪನ್ಯಾಸಕರದು. ಅತಿ ಗಂಭೀರವಾದ ಆಕ್ಷೇಪ ಮೂರನೆಯದು: ತರಬೇತಿಯ ಹೆಸರಲ್ಲಿ ಬಿಟ್ಟಿ ದುಡಿಸಿಕೊಳ್ಳುತ್ತಾರೆ. ಆ ಭಯ ಸುಳ್ಳಲ್ಲ. ಆದ್ದರಿಂದಲೇ ಅಪ್ರೆಂಟಿಸ್‌ಶಿಪ್ ಕಾನೂನಿನ ಚೌಕಟ್ಟು ಬೇಕು. 2019ರ ಅಪ್ರೆಂಟಿಸ್‌ಶಿಪ್ ನಿಯಮ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ನಿಗದಿ ಮಾಡಿತು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಡಿ ಅದರ ಅರ್ಧವನ್ನು ಕೇಂದ್ರ ಭರಿಸುತ್ತದೆ. ಶಿವಮೊಗ್ಗದಲ್ಲಿ 2024ರ ಜನವರಿ 12ರಂದು ಚಾಲನೆಗೊಂಡ ರಾಜ್ಯ ಸರ್ಕಾರದ ಯುವನಿಧಿ ಯೋಜನೆ ಕೆಲಸವಿಲ್ಲದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಕಾಯುವವರಿಗೆ ಅದು ಆಸರೆ, ಒಪ್ಪುತ್ತೇನೆ. ಆದರೆ ಕಾಯುವ ಆ ತಿಂಗಳುಗಳು ಬಯೋಡೇಟಾದಲ್ಲಿ ಖಾಲಿಯಾಗಿಯೇ ಉಳಿಯುತ್ತವೆ.

ಈ ನಾಲ್ಕೂ ತಾಲ್ಲೂಕುಗಳ ವಿಜ್ಞಾನ ವಿದ್ಯಾರ್ಥಿಗಳು ಕೊನೆಯ ಸೆಮಿಸ್ಟರ್‌ನಲ್ಲೇ ಹಾಲಿನ, ನೀರಿನ, ಆಸ್ಪತ್ರೆಯ ಲ್ಯಾಬ್‌ಗಳಲ್ಲಿ ಕಲಿಯುವಂತೆ ಕಾಲೇಜುಗಳು, ಜಿಲ್ಲಾ ಆರೋಗ್ಯ ಇಲಾಖೆ ಮತ್ತು ವಿಶ್ವವಿದ್ಯಾಲಯ ಕೂತು ಒಪ್ಪಂದ ಮಾಡಿಕೊಳ್ಳಬೇಕು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಲ್ಯಾಬ್‌ಗಳು ಈಗಾಗಲೇ ಇವೆ. ಅದಾಗುವವರೆಗೂ ಕಾಯದೆ, ಕೊನೆಯ ವರ್ಷದಲ್ಲಿರುವವರು ಈಗಲೇ ಪ್ರಾಂಶುಪಾಲರಿಂದ ಒಂದು ಪತ್ರ ಬರೆಸಿಕೊಂಡು ಹತ್ತಿರದ ಲ್ಯಾಬಿನ ಬಾಗಿಲು ತಟ್ಟಲಿ.