ಕಿಲೋಕ್ಕ ಎಷ್ಟು ಅನ್ನೋದಷ್ಟೇ ಸಾಲದು: ಹುಬ್ಬಳ್ಳಿ-ಧಾರವಾಡದಲ್ಲಿ ಯಾವ ಸಾಮಾನು ಎಲ್ಲಿ ಕೊಂಡರೆ ಲಾಭ?

ಹುಬ್ಬಳ್ಳಿ-ಧಾರವಾಡ: ತಿಂಗಳ ಮೊದಲ ವಾರ ಬಂತಂದ್ರೆ ಅವಳಿ ನಗರದ ಮನೆಮನೆಯಲ್ಲೂ ಒಂದೇ ಲೆಕ್ಕ. ಕಿರಾಣಿ ಎಲ್ಲಿ ತರೋದು, ಕಾಯಿಪಲ್ಲೆ ಎಲ್ಲಿ ಕೊಳ್ಳೋದು? ಒಬ್ಬರು ಎಪಿಎಂಸಿ ಅಗ್ಗ ಅಂತಾರೆ, ಇನ್ನೊಬ್ಬರು ದೊಡ್ಡ ಮಳಿಗೆಯ ರಿಯಾಯಿತಿ ಲೆಕ್ಕ ಹೇಳ್ತಾರೆ, ಮತ್ತೊಬ್ಬರಿಗೆ ಓಣಿಯ ಕಿರಾಣಿ ಅಂಗಡಿಯೇ ಆಧಾರ. ಆದರೆ ಎಲ್ಲ ಸಾಮಾನೂ ಅಗ್ಗವಾಗಿ, ಎಲ್ಲವೂ ತಾಜಾ ಸಿಗುವ ಒಂದೇ ಜಾಗ ಇಲ್ಲ. ಸಾಮಾನು ನೋಡಿ ಜಾಗ ಆರಿಸಿದರೆ ಮಾತ್ರ ರೊಕ್ಕ ಉಳಿಯುತ್ತದೆ.

ಎಲ್ಲಿ ಏನು ಚಲೋ?

ಅಮರಗೋಳ ಎಪಿಎಂಸಿ: ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿರುವ ಈ ಪ್ರಾಂಗಣ ಸಗಟು ವ್ಯಾಪಾರದ ಜಾಗ. ಉಳ್ಳಾಗಡ್ಡಿ, ಆಲೂಗಡ್ಡಿ, ಬೆಳ್ಳುಳ್ಳಿ, ಒಣ ಮೆಣಸಿನಕಾಯಿ, ಕಾಳುಕಡಿಯಂಥ ಕೆಡದೇ ಇರುವ ಸಾಮಾನಿಗೆ ಲಾಭ ಹೆಚ್ಚು. ಆದರೆ ಇಲ್ಲಿ ಚೀಲದ ಲೆಕ್ಕದ ವ್ಯವಹಾರ. ಒಂದು ಮನೆಗೆ ಒಂದು ಚೀಲ ಉಳ್ಳಾಗಡ್ಡಿ ಹೆಚ್ಚಾಗುತ್ತದೆ. ಮೂರು-ನಾಲ್ಕು ಮನೆಯವರು ಕೂಡಿ ತಂದು ಪಾಲು ಮಾಡಿಕೊಂಡರೆ ಹೋಗಿ ಬರೋ ಖರ್ಚೂ ಹಂಚಿಹೋಗುತ್ತದೆ.

ದುರ್ಗದಬೈಲ್, ಜನತಾ ಬಜಾರ್, ಧಾರವಾಡದ ಸೂಪರ್ ಮಾರ್ಕೆಟ್: ಹೆಸರಿಗೆ ಸೂಪರ್ ಮಾರ್ಕೆಟ್ ಆದರೂ ಧಾರವಾಡದ್ದು ಕಾಯಿಪಲ್ಲೆಯ ಪೇಟೆಯೇ. ಈ ಪೇಟೆಗಳ ದೊಡ್ಡ ಅನುಕೂಲ ಅಂದರೆ ಹತ್ತು ಅಂಗಡಿ ಅಕ್ಕಪಕ್ಕದಲ್ಲಿ ಇರೋದು. ಒಂದು ಸುತ್ತು ಹಾಕಿ, ದರ ಕೇಳಿ, ಆಮೇಲೆ ಚೀಲ ಬಿಚ್ಚುವುದು ಜಾಣತನ. ಮುಂಜಾನೆ ಮಾಲು ತಾಜಾ, ದರ ಗಟ್ಟಿ. ಸಂಜೆ ಹೊತ್ತು ಮುಳುಗುವಾಗ ತಪ್ಪಲು ಪಲ್ಲೆಯ ದರ ಇಳಿಯುತ್ತದೆ, ತಾಜಾತನವೂ ಇಳಿದಿರುತ್ತದೆ. ಅದೇ ರಾತ್ರಿ ಅಡುಗೆಗೆ ಹಾಕುವವರಿಗೆ ಸಂಜೆ ಚಲೋ, ಮೂರು ದಿನ ಇಡುವವರಿಗೆ ಮುಂಜಾನೆಯೇ ಸರಿ.

ವಾರದ ಸಂತೆ: ಸುತ್ತಲಿನ ಹಳ್ಳಿಗಳ ರೈತರು ನೇರವಾಗಿ ತರುವ ಮೆಂತ್ಯೆ, ರಾಜಗಿರಿ, ಸಬ್ಬಸಗಿ, ಬದನಿಕಾಯಿ, ಚವಳಿಕಾಯಿಗೆ ಸಂತೆ ಬಿಟ್ಟರೆ ಬೇರೆ ಜಾಗ ಇಲ್ಲ. ತೊಂದರೆ ಒಂದೇ: ಇಲ್ಲಿ ಕಟ್ಟು, ಪಾಲು, ಗುಂಪಿನ ಲೆಕ್ಕ ಜಾಸ್ತಿ. ಹತ್ತು ರೂಪಾಯಿ ಕಟ್ಟು ಎರಡು ಕಡೆ ಒಂದೇ ಗಾತ್ರ ಇರೋದಿಲ್ಲ.

ದೊಡ್ಡ ಮಳಿಗೆಗಳು: ಎಣ್ಣೆ, ಸಕ್ಕರೆ, ಚಹಾಪುಡಿ, ಸೋಪು, ಪ್ಯಾಕೆಟ್ ಹಿಟ್ಟಿನಂಥ ಬ್ರ್ಯಾಂಡ್ ಸಾಮಾನಿಗೆ ಎಂಆರ್‌ಪಿಗಿಂತ ಕಡಿಮೆ ದರ ಇಲ್ಲಿ ಸಾಮಾನ್ಯ. ಕಾಯಿಪಲ್ಲೆ ಆರಿಸಿ ತಗೋಬಹುದು. ಆದರೆ ತಳ್ಳುಗಾಡಿ ಹಿಡಿದು ಹೊರಟವರು ಚೀಟಿಯಲ್ಲಿ ಇಲ್ಲದ ನಾಲ್ಕು ಸಾಮಾನು ಹಾಕಿಕೊಂಡು ಬಂದರೆ ಉಳಿದ ರೊಕ್ಕ ಅಲ್ಲೇ ಹೋಯ್ತು.

ಓಣಿಯ ಕಿರಾಣಿ: ದರ ಎರಡು ರೂಪಾಯಿ ಹೆಚ್ಚು ಇರಬಹುದು. ಆದರೆ ಪಾವು ಕಿಲೋ ಬ್ಯಾಳಿ, ಐದು ರೂಪಾಯಿ ಸಾಸಿವೆ, ಅವಸರಕ್ಕೆ ಉದ್ರಿ ಸಿಗೋದು ಇಲ್ಲೇ. ದಿನಗೂಲಿಯ ಮನೆಗೆ ಇದು ಸಣ್ಣ ಮಾತಲ್ಲ.

ಅಸಲಿ ದರ ಲೆಕ್ಕ ಹಾಕೋದು ಹೇಗೆ?

ಫಲಕದ ಮೇಲಿನ ದರ ಬೇರೆ, ಒಲೆಯ ಮೇಲೆ ಏರುವ ಸಾಮಾನಿನ ದರ ಬೇರೆ. ಉದಾಹರಣೆಗೆ, 40 ರೂಪಾಯಿಗೆ ಒಂದು ಕಿಲೋ ಟೊಮೆಟೊ ತಂದು, ಅದರಲ್ಲಿ 200 ಗ್ರಾಂ ಕೊಳೆತಿದ್ದು ಬಿಸಾಕಿದರೆ ಉಳಿದಿದ್ದಕ್ಕೆ ಬಿದ್ದ ದರ ಕಿಲೋಕ್ಕೆ 50 ರೂಪಾಯಿ. ಪಕ್ಕದ ಅಂಗಡಿಯಲ್ಲಿ 46ಕ್ಕೆ ಆರಿಸಿ ತಂದಿದ್ದರೆ ಅದೇ ಅಗ್ಗ.

ಎಣ್ಣೆಯಲ್ಲೂ ಇದೇ ಮಾತು. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನೋಡೋಕೆ ಅಷ್ಟೇ ಕಾಣುವ 800, 850 ಗ್ರಾಂ ಪ್ಯಾಕೆಟ್‌ಗಳೂ ಮಾರಾಟಕ್ಕಿವೆ. 910 ಗ್ರಾಂಗೆ 130 ರೂಪಾಯಿ ಅಂದರೆ ಕಿಲೋಕ್ಕೆ ಸುಮಾರು 143. 800 ಗ್ರಾಂಗೆ 120 ಅಂದರೆ ಕಿಲೋಕ್ಕೆ 150. ಕಡಿಮೆ ಬೆಲೆಯ ಪ್ಯಾಕೆಟ್ಟೇ ತುಟ್ಟಿ!

ಅಕ್ಕಿ, ಬೇಳೆ, ಹಿಟ್ಟಿಗೆ ಇನ್ನೊಂದು ಲೆಕ್ಕ ಇದೆ. 2022ರ ಜುಲೈ 18ರಿಂದ, 25 ಕಿಲೋವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಧಾನ್ಯಕ್ಕೆ ಶೇ 5 ಜಿಎಸ್‌ಟಿ ಬಿದ್ದಿದೆ. ಚೀಲದಿಂದ ಸಡಿಲಾಗಿ ತೂಗಿಸಿಕೊಂಡರೆ ಈ ತೆರಿಗೆ ಇಲ್ಲ.

ಸಗಟು ದರ ತಿಳಿಯೋಕೆ ರಾಜ್ಯ ಕೃಷಿ ಮಾರಾಟ ಮಂಡಳಿಯ ‘ಕೃಷಿ ಮಾರಾಟ ವಾಹಿನಿ’ ಜಾಲತಾಣ ಇದೆ. ಅಲ್ಲಿ ದರ ಕ್ವಿಂಟಲ್ ಲೆಕ್ಕದಲ್ಲಿ ಇರುತ್ತದೆ, ನೂರರಿಂದ ಭಾಗಿಸಿದರೆ ಕಿಲೋ ದರ. ಕ್ವಿಂಟಲ್‌ಗೆ 2,000 ಅಂದರೆ ಕಿಲೋಕ್ಕೆ 20. ಅದರ ಮೇಲೆ ಹಮಾಲಿ, ಗಾಡಿ ಬಾಡಿಗೆ, ಕೊಳೆತು ಹೋಗುವ ಮಾಲು, ಅಂಗಡಿಯವರ ಲಾಭ ಎಲ್ಲ ಸೇರುತ್ತದೆ. ಹೀಗಾಗಿ ಚಿಲ್ಲರೆ ದರ ಹೆಚ್ಚಿರೋದು ಸಹಜ. ಆದರೆ ದುಪ್ಪಟ್ಟು ದಾಟಿದರೆ ಇನ್ನೊಂದು ಅಂಗಡಿ ಕೇಳೋದು ಒಳ್ಳೇದು.

ಗುಣಮಟ್ಟ ಕೈಯಿಂದ, ಕಣ್ಣಿಂದ

• ತಪ್ಪಲು ಪಲ್ಲೆ: ಕಟ್ಟಿನ ಹೊರಗೆ ಅಲ್ಲ, ಒಳಗೆ ನೋಡಬೇಕು. ನೀರು ಹೊಡೆದ ಕಟ್ಟು ಮೇಲೆ ತಾಜಾ, ಒಳಗೆ ಹಳದಿ ಇರಬಹುದು.
• ಬದನಿಕಾಯಿ: ತೊಟ್ಟು ಹಸಿರಾಗಿರಬೇಕು. ಬಾಡಿದ ತೊಟ್ಟು ಅಂದರೆ ಹಳೇ ಮಾಲು.
• ಬೆಂಡಿಕಾಯಿ: ತುದಿ ಮುರಿದರೆ ಪಟ್ ಅನ್ನಬೇಕು. ಬಾಗಿದರೆ ನಾರು ಬಲಿತಿದೆ.
• ಆಲೂಗಡ್ಡಿ: ಹಸಿರು ಮಚ್ಚೆ, ಮೊಳಕೆ ಇದ್ದದ್ದು ಬ್ಯಾಡ.
• ಬ್ಯಾಡಗಿ ಮೆಣಸಿನಕಾಯಿ: ಮೈ ಸುಕ್ಕುಸುಕ್ಕು, ಬಣ್ಣ ಗಾಢ, ಖಾರ ಕಡಿಮೆ. ನುಣ್ಣಗೆ ಹೊಳೆಯುವ ಕಾಯಿ ಬೆರೆತಿದ್ದರೆ ಅದು ಬೇರೆ ತಳಿ. ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ಸಿಕ್ಕಿದೆ.
• ತೊಗರಿ ಬ್ಯಾಳಿ: ಅತಿಯಾದ ಹೊಳಪು ಗುಣಮಟ್ಟದ ಗುರುತಲ್ಲ, ಪಾಲಿಶ್ ಇರಬಹುದು. ಮುಷ್ಟಿಯಲ್ಲಿ ಹಿಡಿದು ಹುಡಿ, ಹುಳ ನೋಡಬೇಕು.

ಹಂಗಾಮು ತಿಳಿದರೆ ಅರ್ಧ ಉಳಿತಾಯ

ಈ ಭಾಗದ ಹೆಸರು ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ಹಿಂಗಾರಿ ಜೋಳ ಫೆಬ್ರುವರಿ-ಮಾರ್ಚ್‌ನಲ್ಲಿ ಪೇಟೆಗೆ ಬರುತ್ತದೆ. ವರ್ಷದ ಜೋಳ ತುಂಬಿಸಿಕೊಳ್ಳುವವರಿಗೆ, ಖಾರ ಕುಟ್ಟಿಸುವವರಿಗೆ ಚಳಿಗಾಲ ಮುಗಿಯುವ ಹೊತ್ತೇ ಸರಿಯಾದ ಕಾಲ. ಹಿರಿಯರು ಕಾಳು ಬಿಸಿಲಿಗೆ ಹಾಕಿ, ಬೇವಿನ ಎಲೆ ಬೆರೆಸಿ ಇಡುತ್ತಿದ್ದುದು ಇದಕ್ಕೇ.

ಉಳ್ಳಾಗಡ್ಡಿಯಲ್ಲಿ ಎಚ್ಚರ ಬೇಕು. ಮುಂಗಾರಿನ ಸ್ಥಳೀಯ ಗಡ್ಡಿಯಲ್ಲಿ ನೀರಿನಂಶ ಹೆಚ್ಚು, ಬಹಳ ದಿನ ತಡೆಯೋದಿಲ್ಲ. ಅದನ್ನು ವಾರಕ್ಕೆ ಬೇಕಾದಷ್ಟೇ ತರಬೇಕು. ಬೇಸಿಗೆಗೆ ಬರುವ ಹಿಂಗಾರಿ ಗಡ್ಡಿ ಮಾತ್ರ ಸಂಗ್ರಹಕ್ಕೆ ಯೋಗ್ಯ.

ಧಾರವಾಡದ ಆಪೂಸ್ ಮಾವು ಡಜನ್ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಎರಡು ಅಂಗಡಿಯ ಡಜನ್ ತೂಗಿ ನೋಡಿದರೆ ಮಾತ್ರ ಯಾವುದು ಅಗ್ಗ ಅನ್ನೋದು ಗೊತ್ತಾಗುತ್ತದೆ. ಕಾರ್ಬೈಡ್ ಹಾಕಿ ಹಣ್ಣು ಮಾಗಿಸೋದು ನಿಷೇಧ.

ತೂಕದಲ್ಲಿ ಅನುಮಾನ ಬಂದರೆ

ವಿದ್ಯುನ್ಮಾನ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಪರಿಶೀಲನಾ ಮುದ್ರೆ ಇರಬೇಕು. ಸಾಮಾನು ಇಡೋ ಮೊದಲು ತಕ್ಕಡಿ ಸೊನ್ನೆ ತೋರಿಸ್ತಿದೆಯಾ ನೋಡಬೇಕು. ಚೀಲದಲ್ಲಿ ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಇದ್ದರೆ ಅದನ್ನೇ ಇಟ್ಟು ಪರೀಕ್ಷೆ ಮಾಡಬಹುದು. ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ, ತೂಕ ಕಡಿಮೆ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ ಇಟ್ಟುಕೊಂಡಿರಬೇಕು.

ಯಾರಿಗೆ ಯಾವ ದಾರಿ?

ತಿಂಗಳ ಪಗಾರದ ಮನೆಗೆ: ಪ್ಯಾಕೆಟ್ ಸಾಮಾನು ದೊಡ್ಡ ಮಳಿಗೆಯಿಂದ ಒಮ್ಮೆ, ಕಾಯಿಪಲ್ಲೆ ಪೇಟೆ ಅಥವಾ ಸಂತೆಯಿಂದ ವಾರಕ್ಕೊಮ್ಮೆ, ಕಾಳುಕಡಿ ಹಂಗಾಮಿನಲ್ಲಿ ಎಪಿಎಂಸಿಯಿಂದ.

ದಿನದ ದುಡಿಮೆಯ ಮನೆಗೆ: ಸಣ್ಣ ಪ್ಯಾಕೆಟ್ ಬಿಟ್ಟು ಸಡಿಲು ಸಾಮಾನು ತೂಗಿಸಿಕೊಳ್ಳೋದು ಮೊದಲ ಉಳಿತಾಯ. ಉದ್ರಿ ಪುಸ್ತಕದಲ್ಲಿ ಸಾಮಾನಿನ ಜೊತೆ ದರವನ್ನೂ ಬರೆಸಬೇಕು. ಓಣಿಯ ನಾಲ್ಕು ಮನೆ ಕೂಡಿ ಚೀಲ ತರುವ ದಾರಿ ಇವರಿಗೇ ಹೆಚ್ಚು ಉಪಯೋಗ.

ಹಿರಿಯರಷ್ಟೇ ಇರುವ ಮನೆಗೆ: ಹತ್ತು ರೂಪಾಯಿ ಉಳಿಸೋಕೆ ಮೂವತ್ತು ರೂಪಾಯಿ ಆಟೋ ಬ್ಯಾಡ. ಹತ್ತಿರದ ಕಿರಾಣಿಯೇ ಲಾಭ.

ಮನೆಗೆ ತಪ್ಪದೇ ಬೇಕಾಗುವ ಹತ್ತು ಸಾಮಾನಿನ ದರ ಎರಡು ತಿಂಗಳು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಯಾವ ಅಂಗಡಿ ಯಾವುದಕ್ಕೆ ಅಗ್ಗ ಅನ್ನೋದು ಆ ಪುಸ್ತಕವೇ ಹೇಳುತ್ತದೆ.