ಪ್ರಾರ್ಥನೆಯ ದಿನ ಸಿಡಿದ ಫಿರಂಗಿ

1863ರ ಆಗಸ್ಟ್ 21. ಅಂದು ಶುಕ್ರವಾರ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಗುಲಾಮ ಪದ್ಧತಿಯನ್ನು ಉಳಿಸಿಕೊಳ್ಳಲು ದೇಶದಿಂದ ಬೇರ್ಪಟ್ಟಿದ್ದ ದಕ್ಷಿಣದ ರಾಜ್ಯಗಳ ಅಧ್ಯಕ್ಷ ಜೆಫರ್ಸನ್ ಡೇವಿಸ್, ಆ ದಿನವನ್ನು ಉಪವಾಸ ಮತ್ತು ಪ್ರಾರ್ಥನೆಯ ದಿನವೆಂದು ಘೋಷಿಸಿದ್ದರು. ಟೆನೆಸ್ಸೀ ನದಿಯ ದಂಡೆಯಲ್ಲಿರುವ ಚಟ್ಟನೂಗ ಪಟ್ಟಣದ ಜನರು ಚರ್ಚಿನಲ್ಲಿ ಸೇರಿದ್ದರು. ಆಗ ನದಿಯ ಆಚೆ ದಡದ ಗುಡ್ಡದಿಂದ ಫಿರಂಗಿಗಳು ಸಿಡಿದವು.

ಗುಂಡು ಹಾರಿಸಿದ್ದು ಉತ್ತರದ ಸೇನೆಗೆ ಸೇರಿದ 18ನೇ ಇಂಡಿಯಾನ ಸ್ವಯಂಸೇವಕ ಫಿರಂಗಿ ದಳ. ಸೈನ್ಯವನ್ನೇ ವೃತ್ತಿಯಾಗಿಸಿಕೊಂಡವರ ದಳ ಇದಾಗಿರಲಿಲ್ಲ. 1862ರ ಬೇಸಿಗೆಯಲ್ಲಿ ಅಧ್ಯಕ್ಷ ಲಿಂಕನ್ ಮೂರು ಲಕ್ಷ ಸ್ವಯಂಸೇವಕರು ಬೇಕೆಂದು ಕರೆ ಕೊಟ್ಟಾಗ, ಮನೆ, ಹೊಲ, ಅಂಗಡಿ ಬಿಟ್ಟು ಬಂದ ಸಾಮಾನ್ಯ ಜನರು ಇವರು. ಇವರನ್ನು ಒಟ್ಟುಗೂಡಿಸಿದವರು ಈಲೈ ಲಿಲ್ಲಿ. ಗ್ರೀನ್‌ಕ್ಯಾಸಲ್ ಎಂಬ ಊರಿನಲ್ಲಿ ಔಷಧ ಅಂಗಡಿ ಇಟ್ಟಿದ್ದ ಯುವಕ. ಇಂಡಿಯಾನಪೊಲಿಸ್ ನಗರದಲ್ಲಿ ಭಿತ್ತಿಪತ್ರ ಅಂಟಿಸಿ, ಜನರನ್ನು ಸೇರಿಸಿ, ತಾವೇ ಅವರ ಕ್ಯಾಪ್ಟನ್ ಆದರು. ಆಗ ಅವರ ವಯಸ್ಸು 24.

ದಳದ ಬಳಿ ಇದ್ದದ್ದು ಮುಖ್ಯವಾಗಿ ಆರು ಫಿರಂಗಿಗಳು. ಕರ್ನಲ್ ಜಾನ್ ವೈಲ್ಡರ್ ಅವರ ಬ್ರಿಗೇಡಿನ ಜೊತೆ ಇವರನ್ನು ಸೇರಿಸಲಾಯಿತು. ಆ ಬ್ರಿಗೇಡಿನ ಸೈನಿಕರು ಕುದುರೆಯ ಮೇಲೆ ವೇಗವಾಗಿ ಸಾಗಿ, ಕೆಳಗಿಳಿದು ಕಾದಾಡುವವರು. ಒಂದೇ ಸಲ ಏಳು ಗುಂಡು ತುಂಬಬಹುದಾದ ಹೊಸ ಬಂದೂಕು ಅವರ ಕೈಯಲ್ಲಿತ್ತು. 1863ರ ಜೂನ್ 24ರಂದು ಸುರಿಯುವ ಮಳೆಯಲ್ಲಿ ಹೂವರ್ಸ್ ಗ್ಯಾಪ್ ಎಂಬ ಬೆಟ್ಟದ ದಾರಿಯನ್ನು ಹಿಡಿದು, ಎದುರಾಳಿಗಳ ದಾಳಿಯನ್ನು ತಡೆದು ನಿಲ್ಲಿಸಿದ್ದು ಇವರೇ.

ಇನ್ನು ಚಟ್ಟನೂಗದ ಆ ಶುಕ್ರವಾರಕ್ಕೆ ಬರೋಣ. ಅಂದಿನ ಗುಂಡಿನ ದಾಳಿಯ ಹಿಂದೆ ಒಂದು ಉಪಾಯವಿತ್ತು. ಉತ್ತರದ ದೊಡ್ಡ ಸೇನೆ ಪಟ್ಟಣದಿಂದ ದೂರದಲ್ಲಿ, ನದಿಯ ಕೆಳಭಾಗದಲ್ಲಿ ಹೊಳೆ ದಾಟಬೇಕಿತ್ತು. ಅದು ತಿಳಿಯದಂತೆ ಎದುರಾಳಿಗಳ ಕಣ್ಣನ್ನು ಪಟ್ಟಣದ ಎದುರಿಗೇ ಕಟ್ಟಿಹಾಕುವುದು ಇವರ ಕೆಲಸ. ದೋಣಿ ಕಟ್ಟುತ್ತಿದ್ದಾರೆಂದು ಭ್ರಮೆ ಹುಟ್ಟಿಸಲು ಸೈನಿಕರು ಮರ ಕೊಯ್ದು ತುಂಡುಗಳನ್ನು ನದಿಗೆ ಬಿಟ್ಟರು, ಪೀಪಾಯಿಗಳನ್ನು ಬಡಿದು ಸದ್ದು ಮಾಡಿದರು. ಲಿಲ್ಲಿಯವರ ಫಿರಂಗಿಗಳು ದಡದಲ್ಲಿದ್ದ ಎರಡು ಹಬೆ ದೋಣಿಗಳನ್ನು ಮುಳುಗಿಸಿದವು. ಉಪಾಯ ಫಲಿಸಿತು. ಸೇನೆ ಹೊಳೆ ದಾಟಿತು. ಸೆಪ್ಟೆಂಬರ್ ಎರಡನೇ ವಾರದ ಹೊತ್ತಿಗೆ ಎದುರಾಳಿಗಳು ಪಟ್ಟಣವನ್ನೇ ಬಿಟ್ಟು ಹೋದರು.

ಯುದ್ಧದ ಪುಸ್ತಕಗಳಲ್ಲಿ ಇದನ್ನು ಜಾಣ ನಡೆ ಎಂದು ಹೊಗಳುತ್ತಾರೆ. ಪಟ್ಟಣದಲ್ಲಿ ಸೈನ್ಯವಿತ್ತು ಎಂಬುದೂ ನಿಜ. ಆದರೆ ಅಲ್ಲಿ ಹೆಂಗಸರು, ಮಕ್ಕಳು, ಮುದುಕರೂ ಇದ್ದರು. ನದಿಯ ಆಚೆಯಿಂದ ಹಾರಿಬರುವ ಗುಂಡಿಗೆ ಸೈನಿಕ ಯಾರು, ಪ್ರಾರ್ಥನೆಗೆ ತಲೆಬಾಗಿದವರು ಯಾರು ಎಂಬುದು ತಿಳಿಯದು. ಎರಡು ವಾರ ಹಿಂದೆ, ಆಗಸ್ಟ್ 6ರಂದು, ಲಿಂಕನ್ ಕರೆಯಂತೆ ಉತ್ತರದವರೂ ಕೃತಜ್ಞತೆಯ ಪ್ರಾರ್ಥನೆ ಸಲ್ಲಿಸಿದ್ದರು. ಎರಡೂ ಕಡೆಯವರು ಕೈಯೆತ್ತಿದ್ದು ಒಬ್ಬನೇ ಸೃಷ್ಟಿಕರ್ತನ ಕಡೆಗೆ.

ಸೆಪ್ಟೆಂಬರ್ 19 ಮತ್ತು 20ರಂದು ಚಿಕಮಾಗ ಎಂಬಲ್ಲಿ ದೊಡ್ಡ ಕಾಳಗವಾಯಿತು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಎರಡೂ ಕಡೆ ಸೇರಿ ಸುಮಾರು 34 ಸಾವಿರ. ಮೊದಲ ದಿನ ದಕ್ಷಿಣದ ಸೈನಿಕರು ಒಂದು ಹಳ್ಳದಲ್ಲಿ ಅವಿತುಕೊಂಡಾಗ, ಲಿಲ್ಲಿಯವರ ಫಿರಂಗಿಗಳು ಹಳ್ಳದ ಉದ್ದಕ್ಕೂ ಚಿಕ್ಕ ಗುಂಡುಗಳ ಮಳೆ ಸುರಿಸಿದವು. ಜನ ರಾಶಿ ರಾಶಿಯಾಗಿ ಬಿದ್ದರು. ಗುಂಡು ಹಾರಿಸುವುದನ್ನು ನಿಲ್ಲಿಸಲು ಆಜ್ಞೆ ಕೊಡೋಣವೇ ಎಂದು ತಮಗೇ ಅನಿಸಿತ್ತೆಂದು ವೈಲ್ಡರ್ ನಂತರ ಹೇಳಿಕೊಂಡರು. ಗುಂಡು ಹಾರಿಸುತ್ತಿದ್ದ ಕಡೆಯ ಸೇನಾಧಿಕಾರಿಯ ಮನಸ್ಸೂ ಆ ಕ್ಷಣ ಅಳುಕಿತು.

ಲಿಲ್ಲಿ ಮುಂದೆ ಅಶ್ವದಳಕ್ಕೆ ಸೇರಿದರು. 1864ರ ಸೆಪ್ಟೆಂಬರಿನಲ್ಲಿ ಅಲಬಾಮದಲ್ಲಿ ಸೆರೆಸಿಕ್ಕಿ, ತಿಂಗಳುಗಟ್ಟಲೆ ಯುದ್ಧಕೈದಿಯಾಗಿದ್ದರು. ಅವರು ಕಟ್ಟಿದ ದಳ ಬೇರೆ ನಾಯಕತ್ವದಲ್ಲಿ ಕೊನೆಯವರೆಗೂ ಕಾದಾಡಿ 1865ರ ಜೂನ್ 30ರಂದು ವಿಸರ್ಜನೆಯಾಯಿತು. ಯುದ್ಧ ಮುಗಿದ ಮೇಲೆ ಲಿಲ್ಲಿ ಮಿಸಿಸಿಪ್ಪಿಗೆ ಹೋಗಿ ಹತ್ತಿ ಬೆಳೆಯಲು ನೋಡಿದರು. 1866ರಲ್ಲಿ ಪತ್ನಿ ಮಲೇರಿಯಾದಿಂದ ತೀರಿಕೊಂಡರು. ವ್ಯವಹಾರವೂ ಮುಳುಗಿ ದಿವಾಳಿಯಾದರು. 1876ರಲ್ಲಿ ಇಂಡಿಯಾನಪೊಲಿಸ್‌ನಲ್ಲಿ ಚಿಕ್ಕದೊಂದು ಔಷಧ ತಯಾರಿಕಾ ಘಟಕ ತೆರೆದರು. ಅಲ್ಲಿ ತಯಾರಾದ ಮೊದಲ ಮುಖ್ಯ ಔಷಧಗಳಲ್ಲಿ ಒಂದು ಕ್ವಿನೈನ್. ಅದು ಅವರ ಪತ್ನಿಯನ್ನು ಕಸಿದ ಮಲೇರಿಯಾಕ್ಕೇ ಮದ್ದು. ಲಿಲ್ಲಿ 1898ರಲ್ಲಿ ತೀರಿಕೊಂಡರು. 1923ರಲ್ಲಿ ಇನ್ಸುಲಿನ್ ಅನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಮಾರುಕಟ್ಟೆಗೆ ತಂದದ್ದು ಅವರ ಕಂಪೆನಿಯೇ. ನಮ್ಮಲ್ಲಿ ಎಷ್ಟೋ ಮನೆಗಳ ಹಿರಿಯರು ಇಂದು ಇನ್ಸುಲಿನ್ ಚುಚ್ಚಿಕೊಂಡೇ ದಿನ ಆರಂಭಿಸುತ್ತಾರೆ.

ಈ ಇತಿಹಾಸವನ್ನು ನಾವು ಹೇಗೆ ಓದಬೇಕು? ಮನುಷ್ಯರನ್ನು ಕೊಂಡು ಮಾರುವ ವ್ಯವಸ್ಥೆಯ ವಿರುದ್ಧ ನಿಂತ ಸೇನೆಯಲ್ಲಿ ಈ ಸ್ವಯಂಸೇವಕರು ಇದ್ದರು. ಆ ಗೆಲುವಿನಿಂದ ಲಕ್ಷಾಂತರ ಜನರ ಸಂಕೋಲೆ ಕಳಚಿತು. ಇದನ್ನು ನಾವು ಮರೆಯಬಾರದು. ಹಾಗೆಂದು ಪ್ರಾರ್ಥನೆಯ ದಿನ ಪಟ್ಟಣದ ಮೇಲೆ ಬಿದ್ದ ಗುಂಡುಗಳನ್ನೂ ಮರೆಯಲಾಗದು. ಗುರಿ ನ್ಯಾಯವಾದುದಾದರೂ, ಅದನ್ನು ಮುಟ್ಟುವ ಪ್ರತಿ ಹೆಜ್ಜೆಗೂ ಲೆಕ್ಕ ಒಪ್ಪಿಸಬೇಕಾಗುತ್ತದೆ. ನಮ್ಮ ಕಡೆಯವರು ಗೆದ್ದ ಯುದ್ಧದ ಸುದ್ದಿ ಕೇಳಿ ಹಿಗ್ಗುವಾಗ, ಹೊಳೆಯ ಆಚೆ ದಡದಲ್ಲಿ ಅಂದು ಯಾರು ಕೂತಿದ್ದರು ಎಂದು ಒಮ್ಮೆ ಕೇಳಿಕೊಳ್ಳುವ ಅಭ್ಯಾಸ ನಮಗಿರಲಿ. ನಮ್ಮ ಮಕ್ಕಳಿಗೂ ಅದನ್ನು ಕಲಿಸೋಣ.