ಮೆಟಲ್ ಸಂಗೀತದ ಗೃಹ ಧ್ವನಿಮುದ್ರಣ

ಮೆಟಲ್ ಸಂಗೀತದ ಗೃಹ ಧ್ವನಿಮುದ್ರಣ ಎಂದರೆ ವಾಣಿಜ್ಯ ಸ್ಟುಡಿಯೊವನ್ನು ಅವಲಂಬಿಸದೆ, ವಾಸದ ಮನೆಯ ಕೋಣೆಯಲ್ಲಿಯೇ ಮೆಟಲ್ ವಾದ್ಯವೃಂದದ ಗಿಟಾರ್, ಬೇಸ್, ಡ್ರಮ್ ಮತ್ತು ಗಾಯನವನ್ನು ಮುದ್ರಿಸಿಕೊಳ್ಳುವ ವಿಧಾನ. ಇದಕ್ಕೆ ಗಣಕಯಂತ್ರ, ಧ್ವನಿಮುದ್ರಣ ತಂತ್ರಾಂಶ, ಆಡಿಯೊ ಇಂಟರ್ಫೇಸ್, ಮೈಕ್ರೊಫೋನ್ ಮತ್ತು ಹೆಡ್‌ಫೋನ್ ಮೂಲಭೂತ ಸಾಧನಗಳಾಗಿವೆ. ವಿಕೃತಗೊಳಿಸಿದ ಗಿಟಾರ್ ನಾದ, ಅತಿ ವೇಗದ ಡ್ರಮ್ ವಾದನ ಮತ್ತು ಕೆಳಸ್ಥಾಯಿಯ ಶ್ರುತಿ ಈ ಪ್ರಕಾರದ ಲಕ್ಷಣಗಳಾಗಿರುವುದರಿಂದ ಸಾಧನಗಳ ಆಯ್ಕೆಯು ಇತರ ಸಂಗೀತ ಪ್ರಕಾರಗಳಿಗಿಂತ ಸ್ವಲ್ಪ ಭಿನ್ನವಾಗಿರುತ್ತದೆ.

ಹಿನ್ನೆಲೆ

1979ರಲ್ಲಿ ಜಪಾನಿನ ಟಿಯಾಕ್ ಸಂಸ್ಥೆಯು ಹೊರತಂದ ಪೋರ್ಟಾಸ್ಟುಡಿಯೊ, ಸಾಧಾರಣ ಕ್ಯಾಸೆಟ್ಟಿನಲ್ಲಿ ನಾಲ್ಕು ಪಥಗಳ ಮುದ್ರಣವನ್ನು ಸಾಧ್ಯವಾಗಿಸಿತು. ನಾರ್ವೆಯ ಡಾರ್ಕ್‌ಥ್ರೋನ್ ತಂಡದ 1994ರ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಆಲ್ಬಮಿನ ವಾದ್ಯಗಳನ್ನೆಲ್ಲ ತಂಡದ ಸದಸ್ಯ ಫೆನ್ರಿಜ್ ನಾಲ್ಕು ಪಥಗಳ ಯಂತ್ರದಲ್ಲಿ ಮನೆಯಲ್ಲಿಯೇ ನುಡಿಸಿ ಮುದ್ರಿಸಿದರು. ಸ್ವೀಡನ್ನಿನ ಮೆಶುಗ್ಗಾ ತಂಡವು 2005ರ ‘ಕ್ಯಾಚ್ ತರ್ಟಿತ್ರೀ’ ಆಲ್ಬಮಿಗೆ ತಂತ್ರಾಂಶದಲ್ಲಿ ಸಂಯೋಜಿಸಿದ ಡ್ರಮ್ ಧ್ವನಿಯನ್ನು ಬಳಸಿತು.

ಆಡಿಯೊ ಇಂಟರ್ಫೇಸ್

ಮೈಕ್ರೊಫೋನ್ ಹಾಗೂ ವಾದ್ಯಗಳ ವಿದ್ಯುತ್ ಸಂಕೇತವನ್ನು ಅಂಕೀಯ ರೂಪಕ್ಕೆ ಪರಿವರ್ತಿಸುವ ಸಾಧನವಿದು. ಗಿಟಾರನ್ನು ನೇರವಾಗಿ ಜೋಡಿಸಲು ಸುಮಾರು 1 ಮೆಗಾಓಮ್ ಪ್ರತಿಬಾಧೆಯ ವಾದ್ಯ ಪ್ರವೇಶವಿರಬೇಕು. ಇಲ್ಲವಾದರೆ ಗಿಟಾರಿನ ತಾರ ಆವರ್ತನಗಳು ಮಂಕಾಗುತ್ತವೆ. ಕಂಡೆನ್ಸರ್ ಮೈಕ್ರೊಫೋನುಗಳಿಗೆ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ ಬೇಕಾಗುತ್ತದೆ.

ಒಂದೊಂದೇ ವಾದ್ಯವನ್ನು ಸರದಿಯಂತೆ ಮುದ್ರಿಸುವ ತಂಡಕ್ಕೆ ಎರಡು ಪ್ರವೇಶಗಳು ಸಾಕು. ನಿಜವಾದ ಡ್ರಮ್ಮುಗಳನ್ನು ಮುದ್ರಿಸುವುದಾದರೆ ಕಿಕ್, ಸ್ನೇರ್, ಮೂರು ಟಾಮ್, ಹೈಹ್ಯಾಟ್ ಹಾಗೂ ಮೇಲಿನಿಂದ ಎರಡು ಮೈಕ್ರೊಫೋನ್ ಎಂದು ಎಂಟು ಪ್ರವೇಶಗಳು ಬೇಕಾಗುತ್ತವೆ. 24 ಬಿಟ್ ಮುದ್ರಣದಲ್ಲಿ ಸಂಕೇತದ ಮಟ್ಟವನ್ನು ಗರಿಷ್ಠ ಮಿತಿಗಿಂತ ಸಾಕಷ್ಟು ಕೆಳಗೆ ಇಟ್ಟುಕೊಂಡರೂ ಗುಣಮಟ್ಟಕ್ಕೆ ಧಕ್ಕೆಯಾಗುವುದಿಲ್ಲ.

ಗಿಟಾರ್ ಮತ್ತು ಬೇಸ್

ಗಿಟಾರನ್ನು ಎರಡು ರೀತಿಯಲ್ಲಿ ಮುದ್ರಿಸಬಹುದು. ಮೊದಲನೆಯದು, ಆಂಪ್ಲಿಫೈಯರಿನ ಸ್ಪೀಕರ್ ಮುಂದೆ ಡೈನಮಿಕ್ ಮೈಕ್ರೊಫೋನ್ ಇಡುವುದು. 1965ರಲ್ಲಿ ಬಂದ ಶ್ಯೂರ್ ಎಸ್‌ಎಂ57 ಈ ಕೆಲಸಕ್ಕೆ ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿದೆ. ಮೈಕ್ರೊಫೋನನ್ನು ಸ್ಪೀಕರಿನ ನಡುಭಾಗದಿಂದ ಅಂಚಿನ ಕಡೆಗೆ ಸರಿಸಿದಂತೆ ನಾದದ ತೀಕ್ಷ್ಣತೆ ಕಡಿಮೆಯಾಗುತ್ತದೆ.

ಎರಡನೆಯದು, ಗಿಟಾರಿನ ಶುದ್ಧ ಸಂಕೇತವನ್ನು ನೇರವಾಗಿ ಮುದ್ರಿಸಿ, ಆಂಪ್ಲಿಫೈಯರಿನ ನಾದವನ್ನು ತಂತ್ರಾಂಶದಲ್ಲಿ ರೂಪಿಸುವುದು. ನಾದವನ್ನು ನಂತರವೂ ಬದಲಾಯಿಸಬಹುದಾದ್ದರಿಂದ ಮತ್ತು ನೆರೆಹೊರೆಗೆ ತೊಂದರೆಯಾಗದಿರುವುದರಿಂದ ಮನೆಗಳಲ್ಲಿ ಈ ವಿಧಾನವೇ ಹೆಚ್ಚು ಅನುಕೂಲಕರ. ಒಂದೇ ಲಯಭಾಗವನ್ನು ಎರಡು ಬಾರಿ ಬೇರೆಬೇರೆಯಾಗಿ ನುಡಿಸಿ ಎಡ ಮತ್ತು ಬಲ ಪಾರ್ಶ್ವಗಳಲ್ಲಿ ಇರಿಸುವುದು ಮೆಟಲ್ ಸಂಗೀತದ ರೂಢಿ. ಮೊದಲ ಮುದ್ರಣದ ಪ್ರತಿಯನ್ನೇ ಎರಡೂ ಕಡೆ ಇಟ್ಟರೆ ಈ ವಿಸ್ತಾರ ದೊರೆಯುವುದಿಲ್ಲ. ಹೊಸ ತಂತಿ, ಸರಿಯಾದ ಶ್ರುತಿ ಮತ್ತು ನಿಖರ ವಾದನದಲ್ಲಿನ ಕೊರತೆಯನ್ನು ಯಾವ ಸಾಧನವೂ ತುಂಬಲಾರದು.

ಡ್ರಮ್

ನಿಮಿಷಕ್ಕೆ 200 ಬಡಿತಗಳ ಗತಿಯಲ್ಲಿ, ಪ್ರತಿ ಬಡಿತಕ್ಕೆ ನಾಲ್ಕರಂತೆ ಕಿಕ್ ಡ್ರಮ್ ನುಡಿಸಿದರೆ ಎರಡು ಹೊಡೆತಗಳ ನಡುವಿನ ಅಂತರ ಕೇವಲ 75 ಮಿಲಿಸೆಕೆಂಡು. ಕೋಣೆಯ ಅನುರಣನ ದೀರ್ಘವಾಗಿದ್ದರೆ ಹೊಡೆತಗಳು ಒಂದರೊಳಗೊಂದು ಬೆರೆತು ಅಸ್ಪಷ್ಟವಾಗುತ್ತವೆ. ಆದ್ದರಿಂದ ಸೂಕ್ತ ಕೋಣೆಯಿಲ್ಲದವರು ಮಾದರಿ ಧ್ವನಿಗಳ ತಂತ್ರಾಂಶವನ್ನು ಅಥವಾ ಎಲೆಕ್ಟ್ರಾನಿಕ್ ಡ್ರಮ್ಮನ್ನು ಬಳಸುವುದುಂಟು. ಡ್ರಮ್ ಮಾತ್ರ ಬಾಡಿಗೆ ಸ್ಟುಡಿಯೊದಲ್ಲಿ ಮುದ್ರಿಸಿ, ಉಳಿದುದನ್ನು ಮನೆಯಲ್ಲಿ ಪೂರೈಸುವ ಕ್ರಮವೂ ಇದೆ.

ಕೋಣೆ ಮತ್ತು ಆಲಿಸುವಿಕೆ

ಪರಸ್ಪರ 3 ಮೀಟರ್ ಅಂತರದ ಎರಡು ಸಮಾಂತರ ಗೋಡೆಗಳ ನಡುವೆ ಸುಮಾರು 57 ಹರ್ಟ್ಜ್ ಆವರ್ತನದಲ್ಲಿ ಸ್ಥಾಯೀ ತರಂಗ ಉಂಟಾಗುತ್ತದೆ. ಏಳು ತಂತಿಗಳ ಗಿಟಾರಿನ ಅತಿ ಕೆಳಸ್ವರವು ಸುಮಾರು 62 ಹರ್ಟ್ಜ್, ನಾಲ್ಕು ತಂತಿಗಳ ಬೇಸ್‌ನದು ಸುಮಾರು 41 ಹರ್ಟ್ಜ್. ಹೀಗಾಗಿ ಸಣ್ಣ ಕೋಣೆಯಲ್ಲಿ ಈ ಸ್ವರಗಳು ಒಂದೆಡೆ ಅತಿಯಾಗಿಯೂ ಮತ್ತೊಂದೆಡೆ ಕ್ಷೀಣವಾಗಿಯೂ ಕೇಳಿಸಿ, ಮಿಶ್ರಣಕಾರನ ತೀರ್ಮಾನವನ್ನು ತಪ್ಪಿಸುತ್ತವೆ. ದಪ್ಪನೆಯ ಗಾಜುನಾರು ಅಥವಾ ಖನಿಜನಾರಿನ ಹಲಗೆಗಳನ್ನು ಮೂಲೆಗಳಲ್ಲಿ ಇರಿಸಿದರೆ ಈ ದೋಷ ತಗ್ಗುತ್ತದೆ. ಮೊಟ್ಟೆಯ ತಟ್ಟೆ ಹಾಗೂ ತೆಳು ಸ್ಪಂಜು ಮಂದ್ರ ಆವರ್ತನಗಳನ್ನು ಹೀರುವುದಿಲ್ಲ, ಶಬ್ದವು ಹೊರಹೋಗುವುದನ್ನೂ ತಡೆಯುವುದಿಲ್ಲ.

ಮುದ್ರಣದ ವೇಳೆ ಮುಚ್ಚಿದ ಬಗೆಯ ಹೆಡ್‌ಫೋನ್ ಬಳಸಿದರೆ ಅದರ ಧ್ವನಿ ಮೈಕ್ರೊಫೋನಿಗೆ ಸೋರುವುದು ಕಡಿಮೆಯಾಗುತ್ತದೆ.

ಸುರಕ್ಷತೆ

ಭಾರತದಲ್ಲಿ ಮನೆಯ ವಿದ್ಯುತ್ತಿನ ಆವರ್ತನ 50 ಹರ್ಟ್ಜ್. ಭೂಸಂಪರ್ಕದ ದೋಷದಿಂದ ಈ ಆವರ್ತನದ ಗುಂಯ್‌ಗುಡುವಿಕೆಯು ಮುದ್ರಣದಲ್ಲಿ ಸೇರಿಕೊಳ್ಳುತ್ತದೆ. ಇದನ್ನು ನಿವಾರಿಸಲು ಪ್ಲಗ್ಗಿನ ಭೂಸಂಪರ್ಕದ ಕಡ್ಡಿಯನ್ನು ಕಿತ್ತುಹಾಕುವುದು ಪ್ರಾಣಾಪಾಯಕರ. ಸ್ಪೀಕರ್ ಅಥವಾ ಸೂಕ್ತ ಹೊರೆಯನ್ನು ಜೋಡಿಸದೆ ವಾಲ್ವ್ ಆಂಪ್ಲಿಫೈಯರ್ ಚಾಲನೆ ಮಾಡಿದರೆ ಅದರ ನಿರ್ಗಮ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಶ್ರವಣ ರಕ್ಷಣೆಯ ವ್ಯಾಪಕ ಮಾನದಂಡವೊಂದರ ಪ್ರಕಾರ 85 ಡೆಸಿಬೆಲ್ ಮಟ್ಟದಲ್ಲಿ ದಿನಕ್ಕೆ 8 ಗಂಟೆಯ ಆಲಿಸುವಿಕೆ ಮಿತಿಯಾಗಿದ್ದು, ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧವಾಗುತ್ತದೆ. ಅದರಂತೆ 100 ಡೆಸಿಬೆಲ್ ಮಟ್ಟದಲ್ಲಿ ಅವಧಿ ಕೇವಲ 15 ನಿಮಿಷ. ಅತಿಶಬ್ದದಿಂದ ಉಂಟಾಗುವ ಕಿವುಡುತನ ಶಾಶ್ವತವಾದುದರಿಂದ ಡ್ರಮ್ ವಾದಕರಿಗೆ ಕಿವಿರಕ್ಷಕವೂ ಅಗತ್ಯ ಸಾಧನವೇ ಆಗಿದೆ.

ಖರೀದಿಯ ಆದ್ಯತೆ

ಸೀಮಿತ ಹಣವಿರುವ ತಂಡಕ್ಕೆ ಈ ಅನುಕ್ರಮ ಸೂಕ್ತವಾಗಬಹುದು:

1. ಎರಡು ಪ್ರವೇಶಗಳ ಇಂಟರ್ಫೇಸ್ ಮತ್ತು ಮುದ್ರಣ ತಂತ್ರಾಂಶ
2. ಮುಚ್ಚಿದ ಬಗೆಯ ಹೆಡ್‌ಫೋನ್
3. ಗಾಯನಕ್ಕೂ ಗಿಟಾರಿಗೂ ಒದಗುವ ಒಂದು ಡೈನಮಿಕ್ ಮೈಕ್ರೊಫೋನ್
4. ಡ್ರಮ್ ಮಾದರಿ ಧ್ವನಿಗಳ ತಂತ್ರಾಂಶ
5. ಕೋಣೆಯ ಧ್ವನಿ ಹೀರಿಕೆಯ ಹಲಗೆಗಳು, ಬಳಿಕ ಸ್ಟುಡಿಯೊ ಮಾನಿಟರ್
6. ಎಂಟು ಪ್ರವೇಶಗಳ ಇಂಟರ್ಫೇಸ್ ಮತ್ತು ಡ್ರಮ್ ಮೈಕ್ರೊಫೋನುಗಳು

ಇವನ್ನೂ ನೋಡಿ

- ಹೆವಿ ಮೆಟಲ್ ಸಂಗೀತ
- ಮೈಕ್ರೊಫೋನ್
- ಧ್ವನಿಮುದ್ರಣ